ಬೋರ್ ಪಾಯಿಂಟ್‌ಗೆ ಮೆಷಿನ್ ಸರ್ವೆ: ಕೋಲಾರ ಸೀಮೆಯಲ್ಲಿ ಎಷ್ಟು ನಂಬಬಹುದು?

ಅಂಕ: ಕೆರೆ ಕೆಳಗಿನ ಜಮೀನಿಗೆ ಐದಕ್ಕೆ ನಾಲ್ಕು, ದಿಣ್ಣೆ ಜಮೀನಿಗೆ ಎರಡು.

ಬೋರ್‌ವೆಲ್ ಎಲ್ಲಿ ಕೊರೆಯಬೇಕೆಂದು ಮೆಷಿನ್‌ನಿಂದ ನೋಡಿ ಹೇಳುವ ಒಂದೇ ಸೇವೆಗೆ ಎರಡು ಅಂಕ ಯಾಕೆಂದರೆ, ಮೆಷಿನ್ ನೋಡುವ ಆಳಕ್ಕೆ ಮಿತಿ ಇದೆ. ಹೊರಗಿನ ಎರಡು ಕಬ್ಬಿಣದ ಗೂಟಗಳಿಂದ ನೆಲಕ್ಕೆ ಕರೆಂಟ್ ಬಿಟ್ಟು, ನಡುವಿನ ಎರಡು ಗೂಟಗಳಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಹೊರಗೂಟ ದೂರ ಸರಿಸಿದಷ್ಟೂ ಆಳದ ಲೆಕ್ಕ ಸಿಗುತ್ತದೆ, ಆದರೆ ಎರಡು ಹೊರಗೂಟಗಳ ನಡುವಿನ ಅಂತರದ ಹೆಚ್ಚುಕಡಿಮೆ ಐದನೇ ಒಂದು ಪಾಲಿನಷ್ಟು ಮಾತ್ರ. ಎರಡೂ ಕಡೆ 100 ಮೀಟರ್ ವೈರ್ ಎಳೆದರೆ ಸುಮಾರು 40 ಮೀಟರ್, ಅಂದರೆ 130 ಅಡಿ. 1,000 ಅಡಿ ನೋಡಬೇಕಾದರೆ ಒಂದೂವರೆ ಕಿಲೋಮೀಟರ್ ನೇರ ಗೆರೆ ಬೇಕು. ಎರಡೆಕರೆ ತೋಟದಲ್ಲಿ ಅದನ್ನು ಎಲ್ಲಿಂದ ತರುವುದು? 30 ಮೀಟರ್ ವೈರ್ ಎಳೆದು ‘900 ಅಡಿಗೆ ಎರಡೂವರೆ ಇಂಚು ನೀರು’ ಅನ್ನುವವರಿಗಿಂತ ತೆಂಗಿನಕಾಯಿ ಹಿಡಿದು ಬರುವವರೇ ವಾಸಿ, ಚಾರ್ಜಾದರೂ ಕಡಿಮೆ.

ಪಾಲಾರ್, ದಕ್ಷಿಣ ಪಿನಾಕಿನಿ, ಉತ್ತರ ಪಿನಾಕಿನಿ ಮೂರೂ ಕಣಿವೆಗಳಿಗೆ ಹಂಚಿಹೋದ ಜಿಲ್ಲೆಯಿದು. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೆಳಗೆ ಬಹುಪಾಲು ಗಟ್ಟಿ ನೈಸ್ (gneiss) ಮತ್ತು ಗ್ರಾನೈಟ್ ಕಲ್ಲು. ನೀರು ನಿಲ್ಲುವುದು ಮೇಲಿನ ಕೊಳೆತ (ಸವೆದು ಸಡಿಲವಾದ) ಕಲ್ಲಿನ ಪದರದಲ್ಲಿ, ಆಮೇಲೆ ಬಂಡೆಯ ಬಿರುಕುಗಳಲ್ಲಿ (ಬೋರ್ ಗಾಡಿಯವರು ‘ಗ್ಯಾಪ್’ ಅನ್ನುವುದು ಇದನ್ನೇ). ಕೊಳೆತ ಕಲ್ಲು ಎಷ್ಟು ದಪ್ಪ ಇದೆ ಅನ್ನುವುದನ್ನು ಮೆಷಿನ್ ಚೆನ್ನಾಗಿಯೇ ಹೇಳುತ್ತದೆ. 800 ಅಡಿ ಕೆಳಗಿನ ಬೆರಳಗಲದ ಗ್ಯಾಪ್ ಅದಕ್ಕೆ ಕಾಣುವುದಿಲ್ಲ.

2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ, ನರಸಾಪುರದಂಥ ಕೆರೆಗಳಿಗೆ ಬರುತ್ತಿದೆ. ಅಂಥ ಕೆರೆ ಏರಿಯ ಕೆಳಗೆ, ಅಚ್ಚುಕಟ್ಟಿನಲ್ಲಿ, ಮೇಲಿನ ಪದರವೇ ಮತ್ತೆ ತುಂಬಿಕೊಂಡಿದ್ದರೆ ಸರ್ವೆಗೆ ಕೊಟ್ಟ ದುಡ್ಡಿಗೆ ಬೆಲೆ ಇದೆ. ಅಲ್ಲಿನ ಬೋರ್ ನೀರನ್ನು ಕುಡಿಯುವ ಮುಂಚೆ ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸಬೇಕು, ಫ್ಲೋರೈಡ್ ಸೇರಿಸಿ.

ರೀಡಿಂಗ್ ಕೆಡುವ ಜಾಗಗಳು ಗೊತ್ತಿರಲಿ. ಬೇಸಿಗೆಯ ಒಣ ಮಣ್ಣಿನಲ್ಲಿ ಗೂಟಕ್ಕೆ ಕರೆಂಟ್ ಹಿಡಿಯುವುದಿಲ್ಲ. ಒಂದಡಿ ಹೊಡೆದು ಬುಡಕ್ಕೆ ಉಪ್ಪುನೀರು ಸುರಿಯಬೇಕು. ತಂತಿಬೇಲಿ, ಕಬ್ಬಿಣದ ಪೈಪ್‌ಲೈನ್ ಪಕ್ಕದಲ್ಲೇ ವೈರ್ ಎಳೆದರೆ ಕರೆಂಟ್ ಅವುಗಳಲ್ಲೇ ಓಡಿಬಿಡುತ್ತದೆ. ಗೆರೆ ಇಳಿಜಾರಿಗೆ ಅಡ್ಡ ಇರಲಿ, ಏರಿಳಿತ ಕಡಿಮೆ. ಎಲ್ಲಕ್ಕಿಂತ ದೊಡ್ಡ ಮೋಸ ಜೇಡಿಮಣ್ಣಿನದು. ನೀರು ತುಂಬಿದ ಕೊಳೆತ ಕಲ್ಲಿನಂತೆ ಅದೂ ಕಡಿಮೆ ಓಮ್ (ಕರೆಂಟ್‌ಗೆ ಕಡಿಮೆ ತಡೆ) ತೋರಿಸುತ್ತದೆ, ಆದರೆ ನೀರು ಬಿಡುವುದಿಲ್ಲ. ಅದಕ್ಕೇ ಅಕ್ಕಪಕ್ಕದ ಹಳೇ ಬೋರಿಗೆ ಎಷ್ಟು ಅಡಿ ಕೇಸಿಂಗ್ (ಮೇಲಿನ ಸಡಿಲ ಪದರ ಕುಸಿಯದಂತೆ ಹಾಕುವ ಪೈಪು) ಇಳಿದಿದೆ ಎಂದು ಸರ್ವೆಯವರು ಕೇಳಬೇಕು. ಕೇಳದೇ ಇದ್ದರೆ ನೀವೇ ಹೇಳಿ.

ಕರಿಕಲ್ಲಿನ ಡೈಕ್ (ಬೇರೆ ಬಂಡೆಯನ್ನು ಸೀಳಿಕೊಂಡು ನಿಂತ ಗೋಡೆಯಂಥ ಕಲ್ಲು) ಇರುವ ಕಡೆ ಒಂದೇ ಪಾಯಿಂಟ್ ನೋಡಿದರೆ ಸಾಲದು. ಡೈಕ್ ನೆಲದೊಳಗೆ ಕಟ್ಟೆಯಂತೆ ನೀರು ತಡೆಯುತ್ತದೆ. ಇಳಿಜಾರಿನಲ್ಲಿ ಅದರ ಮೇಲ್ಬದಿಗೆ ನೀರು ಸಿಕ್ಕರೂ ಕೆಳಬದಿ ಒಣಗಿರಬಹುದು. ಗೂಟಗಳ ಅಂತರ ಬದಲಿಸದೆ ಹತ್ತು ಹತ್ತು ಮೀಟರ್ ಸರಿಸುತ್ತಾ ಅಳೆಯಲು ಹೇಳಿ. ಇದಕ್ಕೆ ಅರ್ಧ ದಿನ ಹಿಡಿಯುತ್ತದೆ, ಅರ್ಧ ಗಂಟೆಯಲ್ಲಿ ಮುಗಿಸಿದರೆ ಅನುಮಾನಪಡಿ.

ದುಡ್ಡು ಕೊಡುವ ಮುಂಚೆ ರೀಡಿಂಗ್ ಶೀಟು, ಗ್ರಾಫು ಎರಡನ್ನೂ ಕೇಳಿ ಪಡೆಯಿರಿ. ಮೊಬೈಲ್‌ನಲ್ಲಿ ಬಣ್ಣದ ಚಿತ್ರ ಒಂದನ್ನೇ ತೋರಿಸಿದರೆ ಪೂರ್ತಿ ಚಾರ್ಜು ಕೊಡಬೇಕಾಗಿಲ್ಲ.