ಬಸ್ಸಾರಿನ ಲೆಕ್ಕ ಬಾರದ ಆ್ಯಪ್: ಎರಡು ವರ್ಷ ಬಳಸಿದ ಮೇಲೆ

ವಾರದ ಅಡುಗೆಯನ್ನು ಮೊದಲೇ ಗೊತ್ತು ಮಾಡಿಕೊಂಡರೆ ಅದಕ್ಕೆ ತಕ್ಕ ಸಾಮಾನಿನ ಪಟ್ಟಿಯನ್ನು ತಾನೇ ಬರೆದುಕೊಡುವ ಈ ಆ್ಯಪ್, ಬಸ್ಸಾರು ಮತ್ತು ಅದರ ಪಲ್ಯ ಎರಡು ಬೇರೆ ಬೇರೆ ಅಡುಗೆ ಎಂದು ತಿಳಿದಿದೆ. ಸೋಮವಾರದ ಚೌಕದಲ್ಲಿ ಎರಡನ್ನೂ ತುಂಬಿದರೆ ದಂಟಿನ ಸೊಪ್ಪು ಪಟ್ಟಿಗೆ ಎರಡು ಸಲ ಬರುತ್ತದೆ, ತೊಗರಿಬೇಳೆಯೂ ಎರಡು ಸಲ. ಸೊಪ್ಪು ಬೇಳೆ ಬೇಯಿಸಿ ಬಸಿದು, ಆ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು, ಬಸಿದು ಉಳಿದದ್ದಕ್ಕೆ ಈರುಳ್ಳಿ ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಇಷ್ಟನ್ನು ಆ್ಯಪ್‌ಗೆ ಮನವರಿಕೆ ಮಾಡಿಸಲು ನಾನು ಹೆಣಗಿದ ಹೊತ್ತಿನಲ್ಲಿ ಮುದ್ದೆ ತೊಳಸಿ, ಉಂಡು, ಪಾತ್ರೆಯನ್ನೂ ತೊಳೆದಿಡಬಹುದಿತ್ತು.

ಏನೇನು ಸೌಲಭ್ಯಗಳಿವೆ ಎಂಬುದನ್ನು ಡೌನ್‌ಲೋಡ್ ಪುಟದಲ್ಲಿ ನೀವೇ ನೋಡಿರುತ್ತೀರಿ, ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮದು ಹನುಮಂತನಗರದ ಬಾಡಿಗೆ ಮನೆ. ಅಮ್ಮ, ನಾನು, ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ದಿನಸಿ, ತರಕಾರಿ, ಹಣ್ಣು, ಹಾಲು ಎಲ್ಲ ಸೇರಿ ತಿಂಗಳಿಗೆ ಹದಿನಾಲ್ಕು ಸಾವಿರ ದಾಟಬಾರದು ಎಂಬುದು ನಾವೇ ಹಾಕಿಕೊಂಡ ಗೆರೆ. ಆ ಗೆರೆ ದಾಟುತ್ತಲೇ ಇದ್ದುದರಿಂದ ವರ್ಷಕ್ಕೆ 1,200 ರೂಪಾಯಿ ಕೊಟ್ಟು ಇದನ್ನು ಹಾಕಿಸಿಕೊಂಡೆ.

ತಕರಾರು ಬಸ್ಸಾರಿಗೆ ನಿಲ್ಲುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಯಾವುದೂ ಸೊನ್ನೆಯಿಂದ ಶುರುವಾಗುವುದಿಲ್ಲ. ರುಬ್ಬಿದ ಹಿಟ್ಟು ಮೊದಲ ದಿನ ಇಡ್ಲಿ, ಮರುದಿನ ದೋಸೆ, ಹುಳಿ ಏರಿದ ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ ಸೇರಿ ಪಡ್ಡು. ಹುರುಳಿಕಾಳು ಬೇಯಿಸಿದ ನೀರು ಕಟ್ಟಿನ ಸಾರಾಗುತ್ತದೆ, ಕಾಳು ಉಸಲಿಯಾಗುತ್ತದೆ. ಮೂಲಂಗಿ ಹುಳಿಗೆ ಹೋದರೆ ಅದರ ಸೊಪ್ಪು ಪಲ್ಯಕ್ಕೆ. ರಾತ್ರಿಯ ಅನ್ನ ಬೆಳಗ್ಗೆ ಚಿತ್ರಾನ್ನ. ಇದೆಲ್ಲ ಅಮ್ಮನ ತಲೆಯಲ್ಲಿ ಸರಪಳಿಯಾಗಿ ಓಡುತ್ತಿರುತ್ತದೆ. ಆ್ಯಪ್ ಮಾತ್ರ ಇಡ್ಲಿಗೊಂದು, ದೋಸೆಗೊಂದು, ಪಡ್ಡಿಗೊಂದು ಎಂದು ಮೂರು ಸಲ ಉದ್ದಿನಬೇಳೆ ತರಿಸುತ್ತದೆ. ‘ನನ್ನ ಅಡುಗೆಗಳು’ ಎಂಬಲ್ಲಿಗೆ ಹೋಗಿ ‘ಬಸ್ಸಾರು-ಪಲ್ಯ’ ಎಂದು ಒಂದೇ ಹೆಸರಿನಲ್ಲಿ ಬರೆದಿಟ್ಟರೆ ಪಟ್ಟಿ ಸರಿಹೋಗುತ್ತದೆ. ಆದರೆ ಎರಡನೆಯ ಚೌಕ ಖಾಲಿ ಉಳಿದದ್ದಕ್ಕೆ, ರಾತ್ರಿಯ ಊಟಕ್ಕೆ ಏನೂ ಯೋಜಿಸಿಲ್ಲ ಎಂದು ಸಂಜೆ ಗಂಟೆ ಬಾರಿಸುತ್ತದೆ. “ನಾಳೆಗೇನು ಎಂದು ಅದನ್ನೇಕೆ ಕೇಳುತ್ತೀಯಪ್ಪಾ, ತರಕಾರಿ ಬುಟ್ಟಿ ನೋಡು” ಎಂದು ಅಮ್ಮ ಹೇಳಿದ್ದು ಅಂಥ ಒಂದು ಗಂಟೆ ಬಾರಿಸಿದಾಗಲೇ.

ಅಳತೆಯದು ಇನ್ನೊಂದು ಗೋಳು. ತಳ್ಳುಗಾಡಿಯವರು ಸೊಪ್ಪನ್ನು ಕಟ್ಟಿನ ಲೆಕ್ಕದಲ್ಲಿ ಕೊಡುತ್ತಾರೆ. ಮಳೆಗಾಲದ ಕಟ್ಟು ಬೇರೆ, ಬೇಸಿಗೆಯ ಕಟ್ಟು ಬೇರೆ. ಆ್ಯಪ್‌ಗೆ ಗ್ರಾಮ್ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಹಾಪ್‌ಕಾಮ್ಸ್ ಮಳಿಗೆಯಲ್ಲಿ ಸೊಪ್ಪೂ ತೂಕಕ್ಕೇ ಸಿಗುವುದರಿಂದ ಪಟ್ಟಿ ಹಿಡಿದು ಅಲ್ಲಿಗೆ ಹೋದರೆ ಹೊಂದುತ್ತದೆ, ದಿನದ ದರವೂ ಮೊದಲೇ ತಿಳಿಯುತ್ತದೆ. ಅವರೆಕಾಯಿ ಕಾಲದಲ್ಲಿ ಆ ದಾರಿಯೂ ಬಂದ್. ಒಂದು ಕಿಲೋ ಕಾಯಿ ಸುಲಿದು, ನೆನೆಸಿ, ಹಿತುಕಿದರೆ ಬೇಳೆ ಎಷ್ಟು ಬರುತ್ತದೆ ಎಂಬುದು ಬೆಂಗಳೂರಿನ ಯಾವ ಮನೆಗೆ ಗೊತ್ತಿಲ್ಲ? ಇದಕ್ಕೆ ಒಂದು ಕಿಲೋ ಎಂದರೆ ಒಂದು ಕಿಲೋ. 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಅರ್ಧ ಲೀಟರ್ ಪ್ಯಾಕೆಟ್ 550 ಮಿಲಿ ಆಯಿತು, ಬೆಲೆ ಎರಡು ರೂಪಾಯಿ ಏರಿತು. ಹಾಲಿನ ಸಾಲಿನಲ್ಲಿ 500, 1000 ಬಿಟ್ಟು ಬೇರೆ ಅಂಕಿ ತುಂಬಲು ಇಲ್ಲಿ ಜಾಗವೇ ಇರಲಿಲ್ಲ. ತಿದ್ದುಪಡಿ ಕೇಳಿ ಬರೆದ ಪತ್ರಕ್ಕೆ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ ಬಂತು. 2025ರ ಏಪ್ರಿಲ್‌ನಲ್ಲಿ ಬೆಲೆ ಮತ್ತೆ ಏರಿ ಪ್ಯಾಕೆಟ್ ಮೊದಲಿನ ಅಳತೆಗೇ ಮರಳಿತು. ಹೀಗೆ ಆ್ಯಪ್‌ನ ದೋಷವನ್ನು ಹಾಲು ಒಕ್ಕೂಟವೇ ಸರಿಪಡಿಸಿಕೊಟ್ಟಂತಾಯಿತು!

ವ್ಯರ್ಥದ ಲೆಕ್ಕ ಇಡುವ ಪುಟವನ್ನು ನಾನು ಮುಚ್ಚಿಟ್ಟಿದ್ದೇನೆ. ಎಸೆದದ್ದನ್ನೆಲ್ಲ ಬರೆದರೆ ಅದು ನಮ್ಮನ್ನು ದೇಶದ ಸರಾಸರಿಯ ಪಕ್ಕದಲ್ಲಿ ನಿಲ್ಲಿಸಿ ಕೆಂಪು ಬಣ್ಣ ತೋರಿಸುತ್ತದೆ. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ವ್ಯರ್ಥವಾಗುತ್ತದೆ ಎಂಬುದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜು. ಆ ಲೆಕ್ಕದಲ್ಲಿ ತಿನ್ನಲಾಗದ ಸಿಪ್ಪೆ, ಬೀಜ, ಮೂಳೆಗಳೂ ಸೇರಿವೆ ಎಂಬುದನ್ನು ಆ್ಯಪ್ ಹೇಳುವುದಿಲ್ಲ. ಹಸಿಕಸದ ಡಬ್ಬಿಗೆ ಬಾಳೆಹಣ್ಣಿನ ಸಿಪ್ಪೆ ಹಾಕಿದ್ದಕ್ಕೆ ಯಾರೂ ನಾಚಬೇಕಾಗಿಲ್ಲ. ಹೀರೆಕಾಯಿ ಸಿಪ್ಪೆಯಂತೂ ನಮ್ಮಲ್ಲಿ ಡಬ್ಬಿಯ ಮುಖವನ್ನೇ ಕಾಣುವುದಿಲ್ಲ. ಎಣ್ಣೆಯಲ್ಲಿ ಬಾಡಿಸಿ, ಕಡಲೆಬೇಳೆ, ಹುಣಸೆಹಣ್ಣು, ಕಾಯಿ ಸೇರಿಸಿ ರುಬ್ಬಿದರೆ ಚಟ್ನಿ.

ಇಷ್ಟು ಬೈದವನು ಎರಡು ವರ್ಷ ಏಕೆ ಇಟ್ಟುಕೊಂಡೆ ಎಂದು ಕೇಳಬಹುದು. ಅದಕ್ಕೆ ಕಾರಣ ಜಾಹೀರಾತಿನಲ್ಲಿ ಎಲ್ಲಿಯೂ ಕಾಣದ ಒಂದು ಪರದೆ. ‘ಮೊದಲು ಇದು’ ಎಂದು ಅದರ ಹೆಸರು. ಮನೆಯಲ್ಲಿರುವುದನ್ನು ಬರೆದಿಟ್ಟರೆ ಯಾವುದು ಬೇಗ ಕೆಡುತ್ತದೆಯೋ ಅದನ್ನು ಮೇಲೆ ತಂದು ನಿಲ್ಲಿಸುತ್ತದೆ. ಮೇಲೆ ಸೊಪ್ಪು, ಆಮೇಲೆ ಬೆಂಡೆಕಾಯಿ, ಹುರುಳಿಕಾಯಿ, ಕೆಳಗೆ ಸುವರ್ಣಗೆಡ್ಡೆ, ಇಡೀ ಬೂದುಗುಂಬಳ. ಅಷ್ಟೇ. ಆದರೆ ನಮ್ಮ ದುಡ್ಡು ಉಳಿದದ್ದು ಇಲ್ಲಿ.

ಶನಿವಾರ ಸಂಜೆ ಕಾಫಿ ಆದ ಮೇಲೆ ಹೆಂಡತಿ ಫ್ರಿಜ್ಜಿನ ಕೆಳಗಿನ ಪೆಟ್ಟಿಗೆಯನ್ನು ಪೂರಾ ಹೊರಗೆಳೆದು ಊಟದ ಮೇಜಿನ ಮೇಲೆ ಸುರಿಯುತ್ತಾಳೆ. ಅವಳು ಹೆಸರು ಕೂಗುತ್ತಾಳೆ, ನಾನು ಫೋನಿನಲ್ಲಿ ತುಂಬುತ್ತೇನೆ. ಅಮ್ಮ ಕೊತ್ತಂಬರಿ ಸೊಪ್ಪಿನ ಬೇರು ಕತ್ತರಿಸಿ, ತೊಳೆಯದೆ, ಕೊಳೆತ ಎಲೆಗಳನ್ನಷ್ಟೇ ಆರಿಸಿ ತೆಗೆದು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕುತ್ತಾರೆ. ಹಾಗಿಟ್ಟರೆ ವಾರದ ಕೊನೆಗೂ ಹಸಿರಾಗಿಯೇ ಇರುತ್ತದೆ. ಕರಿಬೇವನ್ನು ಕಡ್ಡಿಯಿಂದ ಬಿಡಿಸಿ ನೆರಳಿನಲ್ಲಿ ಆರಿಸುವುದು ಮಗಳ ಪಾಲು. ಪೆಟ್ಟಿಗೆಯ ತಳದಲ್ಲಿ ಸಿಗುವ ಅರ್ಧ ಕ್ಯಾರೆಟ್, ಬಾಡಿದ ಎರಡು ಬದನೆಕಾಯಿ, ಹಿಡಿಯಷ್ಟು ಬಟಾಣಿ ಆ ರಾತ್ರಿಯೇ ವಾಂಗಿಬಾತೋ ಬಿಸಿಬೇಳೆಬಾತೋ ಆಗುತ್ತವೆ. ಭಾನುವಾರ ಬೆಳಗ್ಗೆ ಗಾಂಧಿ ಬಜಾರಿಗೆ ಹೋಗುವಾಗ ಪಟ್ಟಿ ಗಿಡ್ಡವಾಗಿರುತ್ತದೆ. ಅಲ್ಲಿ ಏನು ಚೆನ್ನಾಗಿದೆಯೋ, ಏನು ಅಗ್ಗವಾಗಿದೆಯೋ ಅದನ್ನು ತಂದು, ವಾರದ ಚೌಕಗಳನ್ನು ಆಮೇಲೆ ತುಂಬುತ್ತೇವೆ. ಆ್ಯಪ್ ಹೇಳುವ ಕ್ರಮಕ್ಕೆ ಇದು ಪೂರ್ತಿ ತಲೆಕೆಳಗು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದನ್ನು ಕಂಡವರಿಗೆ ಅಡುಗೆ ಮೊದಲು, ಸಂತೆ ಆಮೇಲೆ ಎಂಬ ಯೋಜನೆ ಏಕೆ ಕೈಕೊಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆಗ ಹುಣಸೆಹಣ್ಣು ಕಿವುಚಿಕೊಂಡವರೇ ಜಾಣರು.

ಉಳಿತಾಯದಲ್ಲಿ ತರಕಾರಿಯ ಪಾಲು ನಾನು ಎಣಿಸಿದ್ದಕ್ಕಿಂತ ಕಡಿಮೆ. ಹೆಚ್ಚು ಉಳಿದದ್ದು ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವವರ ಕಡೆಯಿಂದ. ರಾತ್ರಿ ಎಂಟಕ್ಕೆ ಕೊತ್ತಂಬರಿ ಇಲ್ಲವೆಂದು ಫೋನ್ ತೆಗೆದರೆ, ಸಾಗಣೆ ಶುಲ್ಕ ತಪ್ಪಿಸಲು ಬಿಸ್ಕತ್ತು, ಚಿಪ್ಸ್, ಈಗಾಗಲೇ ಎರಡು ಪೊಟ್ಟಣ ಇರುವ ಶಾವಿಗೆ ಬುಟ್ಟಿಗೆ ಬೀಳುತ್ತಿದ್ದವು. ಡಬ್ಬಿಯಲ್ಲಿ ಏನಿದೆ ಎಂದು ತಿಳಿದಿರುವಾಗ ಆ ಫೋನ್ ಕೈಗೆ ಬರುವುದಿಲ್ಲ. ತಿಂಗಳಿಗೆ ಸುಮಾರು ಸಾವಿರದೈನೂರು ರೂಪಾಯಿ ಉಳಿಯುತ್ತಿದೆ. ಹಬ್ಬದ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ವರಮಹಾಲಕ್ಷ್ಮಿ ವ್ರತದ ಹಿಂದಿನ ದಿನ ಹೂವು ಹಣ್ಣಿನ ಬೆಲೆಗೆ ಯಾವ ಯೋಜನೆಯೂ ಉತ್ತರವಲ್ಲ.

ಹೊಸದಾಗಿ ಸಂಸಾರ ಹೂಡಿದವರು, ಅಡುಗೆ ಈಗಷ್ಟೇ ಕಲಿಯುತ್ತಿರುವವರು, ಕೊಠಡಿ ಹಂಚಿಕೊಂಡಿರುವ ಹುಡುಗರು ಹಣ ಕೊಟ್ಟು ಕೊಂಡರೆ ನಷ್ಟವಿಲ್ಲ. ಅವರಿಗೆ ಚೌಕಗಳು ಬೇಕು. ಮನೆಯಲ್ಲಿ ಅಮ್ಮನೋ ಅತ್ತೆಯೋ ಇದ್ದರೆ ಉಚಿತ ಆವೃತ್ತಿಯೇ ಸಾಕು, ‘ಮೊದಲು ಇದು’ ಪರದೆ ಅದರಲ್ಲೂ ಇದೆ. ಪಟ್ಟಿಯನ್ನು ಇಬ್ಬರು ಮಾತ್ರ ಹಂಚಿಕೊಳ್ಳಬಹುದು ಎಂಬ ಮಿತಿ ನಮಗೆ ಅಡ್ಡಿಯಾಗಿಲ್ಲ. ಈ ಸಲ ಚಂದಾ ಕಟ್ಟುತ್ತಿಲ್ಲ. ಐದರಲ್ಲಿ ಮೂರು ನಕ್ಷತ್ರ. ಒಂದು ಅಡುಗೆಯಿಂದ ಇನ್ನೊಂದಕ್ಕೆ ಗೆರೆ ಎಳೆಯಲು ಬಿಡುವ ಸೌಲಭ್ಯ ಬಂದ ದಿನ 1,200 ರೂಪಾಯಿ ಮತ್ತೆ ಕೊಡುತ್ತೇನೆ.