ಅರಸು ಬಾಯಿಂದ ಪೈಪ್ ಕಿತ್ತ ಸ್ಟುಡಿಯೋ

ಮೈಸೂರಿನ ದೇವರಾಜ ಅರಸು ರಸ್ತೆಗೆ ಅಂಟಿಕೊಂಡ ಸಂದಿಯೊಂದರಲ್ಲಿ, ಮೊದಲನೇ ಮಹಡಿಯಲ್ಲಿ, ಹಳೇ ಫೋಟೋ ಸರಿಮಾಡಿ ಕೊಡುವ ಸ್ಟುಡಿಯೋ ಇದೆ. ಹೆಸರು ಬೇಡ. ಬೈಯುವುದೂ ಇದೆ, ಹೊಗಳುವುದೂ ಇದೆ.

ನಾನು ಕೊಟ್ಟಿದ್ದು 1978ರ ಕಪ್ಪು ಬಿಳುಪು ಫೋಟೋ. ಹುಣಸೂರು ತಾಲ್ಲೂಕಿನ ನಮ್ಮೂರಿಗೆ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸು ಓಟು ಕೇಳಲು ಬಂದಾಗ ತೆಗೆದದ್ದು. ಮಧ್ಯದಲ್ಲಿ ಬಿಳಿ ಬಟ್ಟೆಯ ಅರಸು, ಬಾಯಲ್ಲಿ ಪೈಪ್. ಅವರ ಹಿಂದೆ, ಹೆಗಲ ಮೇಲೆ ಟವಲ್ ಹಾಕಿಕೊಂಡು ನಮ್ಮಪ್ಪ. ಹಳ್ಳಿ ಮನೆ ಗೋಡೆಯಲ್ಲೇ ಇತ್ತು. ಹೆಂಚು ಸೋರಿ ನೀರು ಇಳಿದು, ಫೋಟೋ ಗಾಜಿಗೇ ಅಂಟಿಕೊಂಡಿತ್ತು.

ಮೊದಲು ಮೆಚ್ಚಿಗೆ ಹೇಳಿಬಿಡುತ್ತೇನೆ. ಬೇರೆ ಎರಡು ಕಡೆ ‘ಗಾಜು ಬಿಡಿಸಿ ಮಾಡ್ತೀವಿ’ ಅಂದಿದ್ದರು. ಹಾಗೆ ಬಿಡಿಸಿದರೆ ಮುಖದ ಅರ್ಧ ಗಾಜಿನ ಜೊತೆಗೇ ಕಿತ್ತು ಬರುತ್ತದೆ. ಇಲ್ಲಿನ ಹುಡುಗ ಗಾಜಿನ ತಂಟೆಗೆ ಹೋಗಲಿಲ್ಲ. ಮೆತ್ತಗೆ ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿದ. ಕೆಲಸ ಗೊತ್ತಿರುವ ಕೈ.

ನಾಲ್ಕು ದಿನ ಬಿಟ್ಟು ಹೋದೆ. ಕಲರ್ ಪ್ರಿಂಟ್ ಕೈಗಿಟ್ಟ. ಕಲರ್ ಮಾಡು ಅಂತ ನಾನು ಹೇಳಿಯೇ ಇರಲಿಲ್ಲ. ಅರಸು ಮುಖ ಹೊಸ ಸೀರಿಯಲ್ ಹೀರೋ ಥರ ನುಣ್ಣಗಾಗಿತ್ತು. ಪೈಪ್ ಮಾಯ. ಜನ್ಮದಲ್ಲಿ ಫೋಟೋಗೆ ನಗದ ನಮ್ಮಪ್ಪನ ಬಾಯಲ್ಲಿ ಸಾಲಾಗಿ ಬಿಳಿ ಹಲ್ಲು. ಹೆಗಲ ಮೇಲಿನ ಟವಲ್ಲು ಕೋಟಿನ ಕಾಲರ್ ಆಗಿಬಿಟ್ಟಿತ್ತು.

‘ಪೈಪ್ ಎಲ್ಲಪ್ಪಾ?’ ಅಂದೆ.

‘ಅದು ಗೀರು ಅಂದ್ಕೊಂಡೆ ಆಂಟಿ. ಸಾಫ್ಟ್‌ವೇರ್ ತೆಗೆದ್ಬಿಡ್ತು.’

‘ಇವರು ಯಾರು ಗೊತ್ತಾ?’

‘ನಿಮ್ಮ ತಾತನಾ?’

‘ಕೆಳಗಿನ ರಸ್ತೆ ಹೆಸರೇನು?’

‘ಅರಸ್ ರೋಡ್.’

‘ಅದೇ ಅರಸು.’ ಹುಡುಗ ಕಿಟಕಿಯಿಂದ ಒಂದು ಸಲ ಕೆಳಗೆ ಇಣುಕಿ ನೋಡಿದ. ಪಾಪ, ಸಿಟ್ಟು ಅಲ್ಲಿಗೇ ಅರ್ಧ ಇಳಿಯಿತು.

ಆ ಪ್ರಿಂಟನ್ನೇ ಮನೆಗೆ ತಂದು ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಅಪ್ಪನ ಮೇಲೆ ಬೆರಳಿಟ್ಟು, ‘ಯಾರವ್ವ ಇವ್ರು, ಸಾವ್ಕಾರ್ರಾ?’ ಅಂದಳು.

ನಗು ಬಂತು, ಹೊಟ್ಟೆಯೂ ಉರಿಯಿತು. ಯಾಕಂದರೆ ಅಪ್ಪ ಸಾಹುಕಾರರ ಎರಡು ಎಕರೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಟ್ಟು, ಮಾಡುತ್ತಿದ್ದವನು. 1974ರ ಮಾರ್ಚ್ 1ರಿಂದ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು, ಉಳುವವನಿಗೇ ಭೂಮಿ ಅನ್ನೋದು. ಉಳುತ್ತಿದ್ದವರು ಏಳನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕಿತ್ತು. ಅಪ್ಪನಿಗೆ ಓದು ಬರಹ ಇಲ್ಲ, ಶಾಲೆ ಮೇಷ್ಟ್ರು ಬರೆದುಕೊಟ್ಟರು. ಮಂಡಳಿ ಮುಂದೆ ಆಗ ವಕೀಲರು ವಾದ ಮಾಡುವಂತಿರಲಿಲ್ಲ. ಹಾಗಾಗಿ ಸಾಹುಕಾರರೂ ತಾವೇ ನಿಂತು ಮಾತಾಡಬೇಕು, ಅಪ್ಪನೂ ತಾನೇ ಮಾತಾಡಬೇಕು. ಅಸಿಸ್ಟೆಂಟ್ ಕಮಿಷನರ್ ಎದುರು ಅಪ್ಪ ಹೇಳಿದ್ದು ಯಾವ ವರ್ಷ ಯಾವ ಬೆಳೆ ಹಾಕಿದ್ದೆ ಅನ್ನೋದು ಮಾತ್ರವಂತೆ. ಒಂದೂ ತಪ್ಪಿಲ್ಲದೆ ಹೇಳಿದನಂತೆ. 1976ರಲ್ಲಿ ಅಪ್ಪನ ಪರವಾಗಿ ಆರ್ಡರ್ ಆಯಿತು. ಅಂಥವನಿಗೆ ಈ ಹುಡುಗ ಕೋಟು ತೊಡಿಸಿದ್ದ!

ಮಾರನೇ ದಿನ ಹೋಗಿ ಹುಡುಗನ ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತೆ. ‘ನೀವೇ ಹೇಳಿ ಆಂಟಿ, ಕೈಯಲ್ಲೇ ಮಾಡ್ತೀನಿ’ ಅಂದ. ಮೌಸ್ ಆಡಿಸುತ್ತಲೇ ಕೇಳಿದ, ‘ಇವರು ರಾಜರ ಕಡೆಯವರಾ?’ ಅರಸು ಮನೆತನದವರು ನಿಜ, ಆದರೆ ಕಲ್ಲಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದವರು ಅಂದೆ. ಹುಟ್ಟಿದ್ದು 1915ರಲ್ಲಿ. 1952ರ ಮೊದಲ ಚುನಾವಣೆಯಲ್ಲೇ ಹುಣಸೂರಿನ ಎಮ್ಮೆಲ್ಲೆ. 1962ರಲ್ಲಂತೂ ಎದುರಾಳಿಯೇ ಇಲ್ಲದೆ ಗೆದ್ದರು. 1972ರಲ್ಲಿ ಮುಖ್ಯಮಂತ್ರಿಯಾದರು. ಹಾವನೂರು ಆಯೋಗ ಮಾಡಿ ಹಿಂದುಳಿದವರಿಗೆ ಮೀಸಲಾತಿಯ ದಾರಿ ತೆರೆದವರು ಅವರೇ. ನನ್ನ ಅಣ್ಣನಿಗೆ ಸರ್ಕಾರಿ ಕೆಲಸ ಸಿಕ್ಕಿದ್ದು ಆ ದಾರಿಯಲ್ಲೇ.

‘ಒಳ್ಳೇವರಾ ಹಾಗಾದ್ರೆ?’ ಅಂದ. ಇದಕ್ಕೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ತುರ್ತುಪರಿಸ್ಥಿತಿ ಇದ್ದಾಗ ಇಲ್ಲಿ ಮುಖ್ಯಮಂತ್ರಿ ಅವರೇ. ಅವರ ಸರ್ಕಾರದ ಮೇಲಿನ ಭ್ರಷ್ಟಾಚಾರದ ದೂರುಗಳ ತನಿಖೆಗೆ ಕೇಂದ್ರದವರು ಗ್ರೋವರ್ ಆಯೋಗ ಕೂರಿಸಿದ್ದರು. 1979ರಲ್ಲಿ ಇಂದಿರಾ ಗಾಂಧಿಯಿಂದ ದೂರವಾದರು. ಮುಂದಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸೀಟಿನಲ್ಲಿ 27 ಇಂದಿರಾ ಪಾಲಾದವು. ಅರಸು ಕುರ್ಚಿ ಹೋಯಿತು. 1982ರಲ್ಲಿ ತೀರಿಕೊಂಡರು. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನಾನು ಆ ಹುಡುಗನಿಗೆ ಹೇಳಿದ್ದು ಇದಿಷ್ಟೇ, ಒಳ್ಳೇವರು ಕೆಟ್ಟವರು ನೀನೇ ಲೆಕ್ಕ ಹಾಕು ಅಂದೆ.

ಪೈಪ್ ವಾಪಸ್ ಕೂರಿಸಲು ಅರ್ಧ ಗಂಟೆ ಹಿಡಿಯಿತು. ಮೂಲ ಸ್ಕ್ಯಾನ್‌ನಲ್ಲಿ ಅದು ಚೂರುಪಾರು ಉಳಿದಿತ್ತು. ಹೊಗೆಸೊಪ್ಪಿನ ತಾಲ್ಲೂಕಿನ ಎಮ್ಮೆಲ್ಲೆ, ಪೈಪ್ ಇಲ್ಲದಿದ್ದರೆ ಹೇಗೆ ಅಲ್ವಾ? ಟವಲ್ ಸರಿಹೋಯಿತು. ಅಪ್ಪನ ಬಾಯಿ ಮುಚ್ಚಿತು. ಎಡಗೆನ್ನೆ ಮೇಲಿನ ನೀರಿನ ಕಲೆ ಪೂರ್ತಿ ಹೋಗಿಲ್ಲ. ತೆಗೆಯಲು ಹೋದರೆ ಮತ್ತೆ ಬೇರೆ ಯಾರೋ ಆಗಿಬಿಡುತ್ತಾನೆ ಅಂತ ನಾನೇ ಬೇಡ ಅಂದೆ.

ಸ್ಕ್ಯಾನ್, ಟಚ್ಅಪ್, ಮ್ಯಾಟ್ ಪೇಪರಿನಲ್ಲಿ ದೊಡ್ಡ ಪ್ರಿಂಟ್, ಎಲ್ಲ ಸೇರಿ 900 ರೂಪಾಯಿ. ಜಾಸ್ತಿ ಏನಲ್ಲ. ಎರಡನೇ ಸಲದ ಕೆಲಸಕ್ಕೆ ದುಡ್ಡು ಕೇಳಲಿಲ್ಲ. ಪ್ರಿಂಟ್ ಚೆನ್ನಾಗಿದೆ, ಕಪ್ಪು ಕಪ್ಪಾಗಿಯೇ ಬಂದಿದೆ. ಮೆಟ್ಟಿಲು ಕಡಿದು, ಮಂಡಿ ನೋವಿನವರು ಹತ್ತುವುದು ಕಷ್ಟ. ಗಾಡಿ ನಿಲ್ಲಿಸುವ ಆಸೆ ಬೇಡ, ಬಸ್ಸಲ್ಲೇ ಹೋಗಿ. ಫ್ರೇಮನ್ನು ಮಾತ್ರ ಹೊರಗೆ ಹಾಕಿಸಿ. ಇಲ್ಲಿ ಗಾಜಿಗೂ ಫೋಟೋಗೂ ಮಧ್ಯೆ ಸಂದು ಬಿಡುವುದಿಲ್ಲ, ಮತ್ತೆ ಅಂಟುತ್ತದೆ. ಮುಖ್ಯವಾಗಿ, ಕೊಡುವಾಗಲೇ ಹೇಳಿ: ಯಾರು ಯಾರು ಇದ್ದಾರೆ, ಕೈಯಲ್ಲಿ ಬಾಯಲ್ಲಿ ಏನಿದೆ, ಕಲರ್ ಬೇಕೋ ಬೇಡವೋ. ಐದಕ್ಕೆ ಮೂರೂವರೆ ಸ್ಟಾರ್.

ಹೊಸ ಪ್ರಿಂಟ್ ನೋಡಿ ಅವ್ವ, ‘ಟವಲ್ ನಂದು. ಅವತ್ತು ಒಗೆದದ್ದು ಇರ್ಲಿಲ್ಲ ಅಂತ ನಂದೇ ಹಾಕ್ಕೊಂಡೋದ’ ಅಂದಳು. ನ್ಯಾಯಮಂಡಳಿಯ ಆರ್ಡರ್ ಕಾಪಿ ಟ್ರಂಕಿನಲ್ಲಿದೆ, ಮಡಿಕೆಯಲ್ಲಿ ಹರಿಯುತ್ತಿದೆ. ಪುಟಕ್ಕೆ 20 ರೂಪಾಯಿಗೆ ಸ್ಕ್ಯಾನ್ ಮಾಡಿಕೊಡುತ್ತೇನೆ ಅಂದಿದ್ದಾನೆ ಹುಡುಗ. ಶನಿವಾರ ತೆಗೆದುಕೊಂಡು ಹೋಗುತ್ತೇನೆ.