‘ಎ ಸೋಲ್ಜರ್ಸ್ ಪ್ಲೇ’: ನೆನಪಿನ ದೃಶ್ಯಕ್ಕೆ ಬೆಳಕು ಸಾಕೇ, ಮಂಚ ಸರಿಸಬೇಕೇ?

ಚಾರ್ಲ್ಸ್ ಫುಲ್ಲರ್ ಅವರ ಈ ನಾಟಕ ನಡೆಯುವುದು 1944ರಲ್ಲಿ, ಲೂಸಿಯಾನಾದ ಫೋರ್ಟ್ ನೀಲ್ ಶಿಬಿರದಲ್ಲಿ. ಅಮೆರಿಕದ ಸೇನೆಯಲ್ಲಿ ಕಪ್ಪು ಸಿಪಾಯಿಗಳ ತುಕಡಿಯೇ ಬೇರೆ ಇದ್ದ ಕಾಲ ಅದು. ಅದನ್ನು ಕೊನೆಗಾಣಿಸುವ ಅಧ್ಯಕ್ಷ ಟ್ರೂಮನ್ ಆಜ್ಞೆ ಬಂದದ್ದು 1948ರಲ್ಲಿ. ಸಾರ್ಜೆಂಟ್ ವಾಟರ್ಸ್‌ನ ಕೊಲೆಯಾಗಿದೆ. ತನಿಖೆಗೆ ಬಂದ ಕ್ಯಾಪ್ಟನ್ ಡೇವನ್‌ಪೋರ್ಟ್ ಕೂಡ ಕಪ್ಪು ಮನುಷ್ಯ. ಒಬ್ಬೊಬ್ಬ ಸಿಪಾಯಿ ಹೇಳಿಕೆ ಕೊಟ್ಟಂತೆಲ್ಲ ಸತ್ತ ಸಾರ್ಜೆಂಟ್ ಎದ್ದು ಬಂದು ಗದರುತ್ತಾನೆ. ವಿಚಾರಣೆಯಿಂದ ನೆನಪಿಗೆ, ನೆನಪಿನಿಂದ ಮತ್ತೆ ವಿಚಾರಣೆಗೆ ಹೋಗಿಬರುವುದು ಹೇಗೆ ಎಂಬುದೇ ಆಡಿಸುವವರ ತಲೆನೋವು.

ಎರಡು ದಾರಿಗಳಿವೆ. ಒಂದು, ದೃಶ್ಯಕ್ಕೊಂದು ಸಜ್ಜು: ಮೇಜು ಸರಿಸಿ, ಮಂಚ ತಂದು, ಬ್ಯಾರಕ್ (ಸಿಪಾಯಿಗಳು ಮಲಗುವ ಕೋಣೆ) ಕಟ್ಟುವುದು. ಇನ್ನೊಂದು, ಸಜ್ಜು ಅಲುಗದಂತಿಟ್ಟು ಬೆಳಕನ್ನು ಮಾತ್ರ ಬದಲಿಸುವುದು. ಎರಡನ್ನೂ ತಾಲೀಮಿನಲ್ಲಿ ನಡೆಸಿ ನೋಡಿದರೆ ಮೊದಲನೆಯದು ಅರ್ಧ ಗಂಟೆಯೊಳಗೇ ಸೋಲುತ್ತದೆ. ಪ್ರತಿ ಬದಲಾವಣೆಗೂ ಹದಿನೈದು-ಇಪ್ಪತ್ತು ಸೆಕೆಂಡು ಕತ್ತಲು. ಡೇವನ್‌ಪೋರ್ಟ್ ಕೇಳಿದ ಪ್ರಶ್ನೆಯ ಕಾವು ಅಷ್ಟರಲ್ಲಿ ಆರಿಹೋಗಿರುತ್ತದೆ. ಪ್ರಶ್ನೆಯ ಕೊನೆಯ ಪದಕ್ಕೂ ವಾಟರ್ಸ್‌ನ ಮೊದಲ ಬೈಗುಳಕ್ಕೂ ನಡುವೆ ಉಸಿರೆಳೆಯುವಷ್ಟು ಹೊತ್ತಿರಬೇಕು, ಹೆಚ್ಚಲ್ಲ.

ಫುಲ್ಲರ್ ಸ್ವತಃ ಕೇಳುವುದೂ ಎರಡನೆಯದನ್ನೇ: ಕುದುರೆಲಾಳದಂತೆ ಬಾಗಿದ ಎತ್ತರ-ತಗ್ಗಿನ ಅಟ್ಟಣೆಗಳು, ಎಡಕ್ಕೆ ಕಚೇರಿ, ಬಲಕ್ಕೆ ಬ್ಯಾರಕ್‌ನ ಮೂರು ಮಂಚ, ಒಟ್ಟಿನಲ್ಲಿ ನ್ಯಾಯಾಲಯದ ಚಹರೆ. ಈ ಏರ್ಪಾಟಿನಲ್ಲಿ ಡೇವನ್‌ಪೋರ್ಟ್ ನೆನಪು ನಡೆಯುವಾಗಲೂ ರಂಗದಲ್ಲೇ ಉಳಿದು ಅದನ್ನು ನೋಡಬಹುದು. ಲಾಭವೆಲ್ಲ ಇರುವುದು ಅಲ್ಲಿ. ನೆನಪು ಅವನ ಕಣ್ಣೆದುರೇ ಸಾಕ್ಷಿಯಾಗುತ್ತದೆ.

ಹಾಗೆಂದು ಬೆಳಕಿನ ದಾರಿ ಸಲೀಸಲ್ಲ. ‘ನೆನಪು ಅಂದರೆ ನೀಲಿ’ ಎಂದು ಲೈಟಿಗೆ ದಟ್ಟ ನೀಲಿ ಜೆಲ್ (ಬಣ್ಣದ ಹಾಳೆ) ಹಾಕಿದರೆ ಕಪ್ಪು ಮೈಬಣ್ಣದ ನಟರ ಮುಖಭಾವವೇ ಕಾಣದು. ನೆನಪಿಗೆ ತಿಳಿ ಅಂಬರ್ (ಜೇನಿನ ಬಣ್ಣ), ವಿಚಾರಣೆಗೆ ಬಣ್ಣವಿಲ್ಲದ ಬಿಳಿ ಸಾಕು. ಮುಖದ ಎತ್ತರದಲ್ಲಿ ಎರಡೂ ಪಕ್ಕದಿಂದ ಒಂದೊಂದು ಲೈಟ್ ಬೇಕೇ ಬೇಕು. ಬದಲಾವಣೆ ಎರಡು-ಮೂರು ಸೆಕೆಂಡಿನಲ್ಲಿ, ಒಂದು ಏರುತ್ತಿದ್ದಂತೆ ಇನ್ನೊಂದು ಇಳಿಯುತ್ತ ನಡೆಯಲಿ. ಡೇವನ್‌ಪೋರ್ಟ್‌ನ ಕಪ್ಪು ಕನ್ನಡಕ ಮುಂದಿನ ಲೈಟನ್ನು ಪ್ರೇಕ್ಷಕರ ಕಣ್ಣಿಗೇ ಹೊಡೆಯುತ್ತದೆ. ಕಡ್ಡಿಗಳನ್ನು ಕೊಂಚ ಮೇಲೆತ್ತಿ ಗಾಜು ಕೆಳಮುಖವಾಗುವಂತೆ ಮಾಡಿದರೆ ಸರಿಹೋಗುತ್ತದೆ.

ಬೆಳಕು ಕೈಕೊಡುವುದು ಸಿಪಾಯಿ ವಿಲ್ಕಿಯ ತೋಳಿನಲ್ಲಿ. ಅವನ ದರ್ಜೆ ತೋರಿಸುವ ಪಟ್ಟಿಗಳನ್ನು ವಾಟರ್ಸ್ ಕಿತ್ತುಕೊಂಡಿದ್ದಾನೆ, ಅಂದರೆ ಈಗ ಪಟ್ಟಿಯಿಲ್ಲ, ನೆನಪಿನಲ್ಲಿ ಇದೆ. ನಟ ರಂಗದಿಂದ ಹೊರಗೇ ಹೋಗದಿದ್ದರೆ ಅಂಗಿ ಬದಲಿಸುವುದು ಯಾವಾಗ? ವೆಲ್ಕ್ರೋ ಕಿತ್ತಾಗ ಬರುವ ‘ಪರ್’ ಸದ್ದಿಗೆ ಸಭಾಂಗಣ ನಗುತ್ತದೆ. ಟಿಚ್ ಬಟನ್ ಹೊಲಿದು, ಮಂಚದ ಕತ್ತಲಲ್ಲಿ ಹಾಕಿ ತೆಗೆದರೆ ಯಾರಿಗೂ ಗೊತ್ತಾಗದು. ಪಟ್ಟಿ ಬಿಚ್ಚಿದ ಜಾಗದಲ್ಲಿ ಬಟ್ಟೆ ಸ್ವಲ್ಪ ಗಾಢವಾಗಿ ಕಾಣುವಂತೆ ಬಣ್ಣ ಹಚ್ಚಿ. ಅವಮಾನದ ಗುರುತು ಮಾತಿಲ್ಲದೆ ಉಳಿಯುತ್ತದೆ.

ಇನ್ನೊಬ್ಬ ಸಿಪಾಯಿ ಸಿ.ಜೆ. ಮೆಂಫಿಸ್ ಬಂದೀಖಾನೆಯಲ್ಲಿರುವ ದೃಶ್ಯಕ್ಕೆ ಸರಳಿನ ನೆರಳು ಬೀಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಒಂದೇ ಸ್ಟೂಲು, ಮೇಲಿನಿಂದ ಇಕ್ಕಟ್ಟಾದ ಒಂದು ಸ್ಪಾಟ್ ಅದಕ್ಕಿಂತ ಹೆಚ್ಚು ಉಸಿರುಗಟ್ಟಿಸುತ್ತದೆ. ಇದೇ ನಾಟಕದಿಂದ ಮಾಡಿದ 1984ರ ಸಿನಿಮಾ ಬೇಸ್‌ಬಾಲ್ ಮೈದಾನ, ಮದ್ಯದಂಗಡಿ ಎಲ್ಲವನ್ನೂ ಕಣ್ಣಿಗೆ ತೋರಿಸುತ್ತದೆ; ಅದನ್ನು ನೋಡಿ ಬಂದವರೇ ಮಂಚ ಹೊರಲು ಮುಂದಾಗುವುದು.

ಇನ್ನು ಗುಂಡಿನ ಸದ್ದು. ಆರಂಭದಲ್ಲಿ ಕುಡಿದು ಮೊಣಕಾಲೂರಿದ ವಾಟರ್ಸ್‌ಗೆ ಎರಡು ಗುಂಡು ಬೀಳುತ್ತವೆ, ಕೊಲೆಯ ನಿಜ ತೆರೆದುಕೊಳ್ಳುವಾಗ ಅದೇ ಗಳಿಗೆ ಮರಳುತ್ತದೆ. ಬರೀ ಸದ್ದು ಮಾಡುವ ಸ್ಟಾರ್ಟರ್ ಪಿಸ್ತೂಲು ಚಿಕ್ಕ ಸಭಾಂಗಣದಲ್ಲಿ ಕಿವಿಗೆ ಅಪಾಯ, ಒಮ್ಮೊಮ್ಮೆ ಸಿಡಿಯುವುದೂ ಇಲ್ಲ. ಮುದ್ರಿತ ಸದ್ದೇ ವಾಸಿ, ಆದರೆ ಬ್ಲೂಟೂತ್ ಸ್ಪೀಕರ್ ಬಳಸಿದರೆ ಸದ್ದು ತಡವಾಗಿ, ನಟ ಬಿದ್ದ ಮೇಲೆ ಗುಂಡು ಹಾರುತ್ತದೆ. ಕೇಬಲ್ ಎಳೆಯಿರಿ, ಸ್ಪೀಕರ್ ಅಟ್ಟಣೆಯ ಹಿಂದಿಡಿ, ಎರಡೂ ಸಲ ಅದೇ ಮುದ್ರಣ, ಅದೇ ವಾಲ್ಯೂಮ್ ಇರಲಿ.